ಸಾಲು ಬಿಟ್ಟು ಮತ್ತೆ ಸಾಲು ಸೇರುವುದು

ವಿಮಾನ ಹಾರಿಸುವ ತರಬೇತಿಯಲ್ಲಿ ನಾನು ಎರಡು ಸಲ ಪರೀಕ್ಷೆ ಎದುರಿಸಿದ ಪಾಠ ಒಂದೇ. ಜೊತೆಯಲ್ಲಿ ಹಾರುತ್ತಿರುವ ಲೀಡರ್ ವಿಮಾನವನ್ನು ಬಿಟ್ಟು ದೂರ ಹೋಗುವುದು, ಮತ್ತೆ ಬಂದು ಅದರ ಪಕ್ಕದಲ್ಲಿ ಸೇರಿಕೊಳ್ಳುವುದು. ಹೋಗುವುದು ಸುಲಭ: ಅಪ್ಪಣೆ ಸಿಕ್ಕ ಕೂಡಲೇ ಲೀಡರ್‌ನಿಂದ ಆಚೆಗೆ ತಿರುಗಬೇಕು, ಎಂದಿಗೂ ಅದರ ಕಡೆಗಲ್ಲ. ಸೇರುವುದು ಕಷ್ಟ. ಲೀಡರ್ ಕಣ್ಣಿಗೆ ಬಿದ್ದರೆ ರೇಡಿಯೋದಲ್ಲಿ 'ವಿಷುಯಲ್' ಎನ್ನಬೇಕು. ಅನುಮತಿ ಪಡೆದು, ಅದಕ್ಕಿಂತ ತುಸು ಕೆಳಗೇ ಉಳಿದು, ನಿಧಾನವಾಗಿ ಹತ್ತಿರವಾಗಬೇಕು. ಕಾಣದಿದ್ದರೆ ಕಾಣುತ್ತಿಲ್ಲವೆಂದು ತಕ್ಷಣ ಹೇಳಿ ದೂರ ಸರಿಯಬೇಕು. ಈ ನಿಯಮಗಳನ್ನು ನಾನು ಕೈಪಿಡಿಯ ಪುಟಸಂಖ್ಯೆಯ ಸಮೇತ ಒಪ್ಪಿಸಬಲ್ಲವಳಾಗಿದ್ದೆ. ತರಬೇತಿ ಕೇಂದ್ರದಲ್ಲಿ ನನ್ನಷ್ಟು ಶುದ್ಧವಾಗಿ ಅವನ್ನು ಒಪ್ಪಿಸುವವರು ಬೇರೊಬ್ಬರಿರಲಿಲ್ಲ ಎಂಬುದನ್ನು ವಿನಯಪೂರ್ವಕವಾಗಿ ದಾಖಲಿಸುತ್ತೇನೆ.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಪೆದ್ದಕಡುಬೂರಿನ ಕಡೆಯ ನಮ್ಮ ಹಳ್ಳಿಯಲ್ಲಿ ಕನ್ನಡ ಶಾಲೆ, ಆಮೇಲೆ ಆದೋನಿಯಲ್ಲಿ ಇಂಗ್ಲಿಷ್ ಪುಸ್ತಕವನ್ನು ತೆಲುಗಿನಲ್ಲಿ ವಿವರಿಸುವ ಕಾಲೇಜು. ಉಪನ್ಯಾಸಕರು "ಅರ್ಥಮೈಂದಾ?" ಎಂದು ಕೇಳಿದಾಗ ಇಡೀ ತರಗತಿಗಿಂತ ಮೊದಲು "ಎಸ್ ಸರ್" ಎನ್ನುತ್ತಿದ್ದವಳು ನಾನು. ಅರ್ಥವಾಗಲಿಲ್ಲವೆಂದರೆ, ಇಂಥವಳಿಗೆ ಸೀಟು ಕೊಟ್ಟವರು ಯಾರೆಂದು ವಿಚಾರಣೆ ನಡೆದೀತೆಂಬ ಭಯ. ಆ ಉತ್ತರದ ಬಲದಿಂದಲೇ ಪದವಿ ಪ್ರಥಮ ದರ್ಜೆಯಲ್ಲಿ ಮುಗಿಯಿತು.

ಮೊದಲ ಪರೀಕ್ಷೆಯ ದಿನ ಪಕ್ಕದ ಸೀಟಿನಲ್ಲಿ ಶಿಕ್ಷಕರಿದ್ದರು. ಅಪ್ಪಣೆಯಾಯಿತು, ಆಚೆ ತಿರುಗಿದೆ, ದೂರ ಹೋದೆ. ಮರಳಿ ಬರಬೇಕೆನ್ನುವಾಗ ಸೂರ್ಯ ಎದುರಿಗಿದ್ದ. ರೇಡಿಯೋದಲ್ಲಿ ಲೀಡರ್, ತಾನು ಕಾಣುತ್ತಿದ್ದೇನೆಯೇ ಎಂದು ಕೇಳಿತು.

"ವಿಷುಯಲ್," ಎಂದೆ. ಹೇಳಿಯಾದ ಮೇಲೆ ಹುಡುಕತೊಡಗಿದೆ.

ದೇವರ ದಯದಿಂದ ಗಾಜಿನ ಎಡಭಾಗದಲ್ಲಿ ಒಂದು ಕಪ್ಪು ಚುಕ್ಕೆ ಸಿಕ್ಕಿತು. ಲೀಡರ್ ನಮ್ಮ ಗಾಜಿನ ಮೇಲೆ ಒಂದೇ ಜಾಗದಲ್ಲಿ ನಿಂತಂತೆ ಕಂಡು, ಕ್ರಮೇಣ ದೊಡ್ಡದಾಗುತ್ತಿದ್ದರೆ ನಮ್ಮ ದಾರಿ ಸರಿಯಿದೆಯೆಂದು ಪಾಠ. ನನ್ನ ಚುಕ್ಕೆ ಒಂದು ಕೂದಲೆಳೆಯಷ್ಟೂ ಅಲುಗಾಡಲಿಲ್ಲ. ಅಂಥ ಅಚ್ಚುಕಟ್ಟಾದ ದಾರಿಯನ್ನು ನಾನು ಅದುವರೆಗೆ ಹಿಡಿದಿರಲಿಲ್ಲ. ಅದು ದೊಡ್ಡದಾಗುತ್ತಿರಲಿಲ್ಲ ನಿಜ. ಅದನ್ನು ನನ್ನ ವೇಗದ ಸಂಯಮವೆಂದು ಭಾವಿಸಿದೆ.

"ನೀವು ಯಾರನ್ನು ಸೇರಲು ಹೊರಟಿದ್ದೀರಿ?" ಶಿಕ್ಷಕರು ಕೇಳಿದರು.

"ಲೀಡರನ್ನು, ಸರ್."

ಅವರು ಕೈ ಚಾಚಿ ಗಾಜಿನ ಮೇಲೆ ಬೆರಳಿಟ್ಟರು. ಬೆರಳಿನ ಆಚೆ, ಹೊರಮೈಗೆ ಅಂಟಿಕೊಂಡು ಸತ್ತ ಒಂದು ಹುಳು. ಮರುಕ್ಷಣ ವಿಮಾನ ಅವರ ಕೈಗೆ ಹೋಗಿ ತೀವ್ರವಾಗಿ ಹೊರಳಿತು. ಆಗ ಬಲಕ್ಕೆ, ನಾನು ನೋಡಿಯೇ ಇರದ ದಿಕ್ಕಿನಲ್ಲಿ, ಲೀಡರ್ ವಿಮಾನದ ಹೊಟ್ಟೆ ಕಂಡಿತು. ಅದರ ಮೇಲಿನ ಎಣ್ಣೆಯ ಕಲೆಯನ್ನೂ ಕಾಣುವಷ್ಟು ಹತ್ತಿರ.

ಕೆಳಗಿಳಿದ ಮೇಲೆ ಅವರು ಬೈಯಲಿಲ್ಲ. ಇನ್ನೊಂದು ಅವಕಾಶವಿದೆ, ಅದೂ ಹೋದರೆ ಗಂಟುಮೂಟೆ ಕಟ್ಟಬೇಕೆಂದರು. "ತಿಳಿಯಿತೇ?" ಎಂದರು. "ಎಸ್ ಸರ್," ಎಂದೆ.

ನಡುವೆ ನಾಲ್ಕು ದಿನ ರಜೆ. ಊರಿಗೆ ಬಂದವಳು ಅವ್ವನ ಜೊತೆ ಹತ್ತಿಯ ಹೊಲಕ್ಕೆ ಕಳೆ ತೆಗೆಯಲು ಹೋದೆ. ಹೆಂಗಸರು ಒಬ್ಬೊಬ್ಬರು ಒಂದೊಂದು ಸಾಲು ಹಿಡಿದು, ಕುಕ್ಕರಗಾಲಿನಲ್ಲಿ ಕುರ್ಪಿ ಆಡಿಸುತ್ತ ಸಮನಾಗಿ ಮುಂದೆ ಸರಿಯುತ್ತಾರೆ. ನನ್ನದು ನಡುವಿನ ಸಾಲು; ಎಡಕ್ಕೆ ಅವ್ವ, ಬಲಕ್ಕೆ ಚಿಗವ್ವ. ಪರೀಕ್ಷೆಯ ದಿನ ತಿಳಿಸಲು ಕೇಂದ್ರದಿಂದ ಫೋನು ಬಂತು. ಸದ್ದಿಲ್ಲದೆ ಎದ್ದು ಬದುವಿಗೆ ಹೋದೆ. ಮಾತು ಮುಗಿಸಿ ಸದ್ದಿಲ್ಲದೆ ಬಂದು, ಇಬ್ಬರ ನಡುವೆ ಕುಳಿತು ಕುರ್ಪಿ ಬೀಸಿದೆ.

"ಏಯ್, ಕೈ ಕಡದೀಯವ್ವಾ!" ಚಿಗವ್ವ ಕೈ ಹಿಂದೆಳೆದುಕೊಂಡಳು. "ಹಂಗ ನಡುವ ಬಂದು ತೂರ್ತಾರೇನು?"

"ನಾ ಬಂದಿದ್ದು ಕಾಣಲಿಲ್ಲೇನು ಚಿಗವ್ವಾ?"

"ನಾವು ನೆಲ ನೋಡಬೇಕೋ, ನಿನ್ನ ಮಾರಿ ನೋಡಬೇಕೋ? ಹೋಗಾಗ ಹೇಳಿ ಹೋಗಬೇಕು, ನಿನ್ನ ಸಾಲು ನಾವಿಬ್ರು ಹಂಚ್ಕಂತೀವಿ. ಬರಾಗ ಕಡೀಗೆ ಬಂದು ನಿಂತು, ಬಂದೀನಿ ಅನ್ನು. ನಾವು ಸರದು ಜಾಗ ಕೊಟ್ಟ ಮ್ಯಾಲೆ ಒಳಗ ಬಾ."

"ಬಿಡ ತಂಗಿ, ಪೈಲೆಟ್ ಅದಾಳ ಆಕಿ," ಎಂದಳು ಅವ್ವ. "ಮ್ಯಾಲಿಂದ ಊರೆಲ್ಲಾ ಕಾಣ್ತೈತಿ, ಮಗ್ಗಲಾಗಿನ ಕೈ ಕಾಣಂಗಿಲ್ಲ."

ಸಾಲೆಲ್ಲಾ ನಕ್ಕಿತು.

"ತಿಳೀತಾ?" ಎಂದಳು ಚಿಗವ್ವ.

"ತಿಳೀತು."

"ಏನ್ ತಿಳೀತು, ಹೇಳು ನೋಡಾಣ," ಎಂದಳು ಅವ್ವ.

ಹದಿನೈದು ವರ್ಷಗಳ ವಿದ್ಯಾಭ್ಯಾಸದಲ್ಲಿ ಈ ಎರಡನೆಯ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಅವಮಾನದಲ್ಲಿ ನಾನು ಚಿಗವ್ವನ ಮಾತಿನ ಅರ್ಧವನ್ನೂ ಕೇಳಿಸಿಕೊಂಡಿರಲಿಲ್ಲ. ಕುರ್ಪಿಗಂಟಿದ ಮಣ್ಣನ್ನು ಕೆರೆಯತೊಡಗಿದೆ.

"ಮುಂಜಾನಿಂದ ಎಲ್ಲಾದಕೂ ತಿಳೀತು ತಿಳೀತು ಅಂತಿ. ತಿಳೀಲಿಲ್ಲ ಅಂದ್ರ ಬಾಯಾಗಿನ ಹಲ್ಲು ಉದುರ್ತಾವೇನು?"

"ತಿಳೀಲಿಲ್ಲವ್ವಾ," ಎಂದೆ. ಚಿಗವ್ವ ಮೊದಲಿನಿಂದ ಹೇಳಿದಳು, ಬೇಸರವಿಲ್ಲದೆ. ಸಂಜೆಯವರೆಗೆ ನನ್ನನ್ನು ಐದಾರು ಸಲ ಬೇಕೆಂದೇ ನೀರು ತರಲು ಅಟ್ಟಿದರು. ಪ್ರತಿಸಲವೂ ಸಾಲಿನ ಕಡೆಯಲ್ಲಿ ನಿಂತು, ಇಡೀ ಹೊಲ ಕೇಳುವಂತೆ, ಬಂದೀನಿ ಎಂದು ಕೂಗಬೇಕಾಯಿತು.

ಎರಡನೆಯ ಪರೀಕ್ಷೆಯ ದಿನ ಬಿಸಿಲು ಮಂಜುಮಂಜಾಗಿತ್ತು. ಆಚೆ ತಿರುಗಿ, ಮರಳಿ ನೋಡಿದರೆ ಲೀಡರ್ ಇರಬೇಕಾದ ಜಾಗದಲ್ಲಿ ಬರೀ ಬಿಳುಪು. ಕಾಣುತ್ತಿದ್ದೇನೆಯೇ ಎಂಬ ಪ್ರಶ್ನೆ ಬಂತು. ನಾಲಿಗೆ ತನ್ನ ಹಳೆಯ ಉತ್ತರದೊಂದಿಗೆ ಸಿದ್ಧವಾಗಿ ನಿಂತಿತ್ತು. ಶಿಕ್ಷಕರು ಮೊಣಕಾಲ ಮೇಲಿನ ಕಾಗದದಿಂದ ತಲೆಯೆತ್ತಲಿಲ್ಲ. ಇಷ್ಟು ಓದಿಸಿ, ಇಷ್ಟು ದೂರ ಕಳಿಸಿದ್ದು ಇದನ್ನು ಹೇಳುವುದಕ್ಕೇ ಎಂದುಕೊಳ್ಳುತ್ತ, ಲೀಡರ್ ಕಾಣುತ್ತಿಲ್ಲವೆಂದು ಹೇಳಿದೆ, ದೂರ ತಿರುಗಿದೆ, ವಿಮಾನವನ್ನು ತುಸು ತಗ್ಗಿಸಿದೆ.

ಆಕಾಶ ಕಳಚಿ ಬೀಳಲಿಲ್ಲ. ಲೀಡರ್ ತನ್ನ ಎತ್ತರವನ್ನೂ ದಿಕ್ಕನ್ನೂ, ದಾರಿ ಕೇಳಿದವರಿಗೆ ಹೇಳುವಷ್ಟು ಸಹಜವಾಗಿ ತಿಳಿಸಿತು. ಸ್ವಲ್ಪ ಹೊತ್ತಿಗೆ ಮೇಲೆ ಎಡಕ್ಕೆ ಕಂಡಿತು. ರೆಕ್ಕೆಗಳೆರಡನ್ನೂ ಎಣಿಸಿಕೊಂಡ ಮೇಲೆಯೇ 'ವಿಷುಯಲ್' ಎಂದೆ. ಹುಳುವಿಗೂ ರೆಕ್ಕೆಗಳಿರುತ್ತವೆಂಬುದು ಹೊಳೆದದ್ದು ನೆಲಕ್ಕಿಳಿದ ಮೇಲೆ.

ತೇರ್ಗಡೆಯಾದೆ. ಶಿಕ್ಷಕರು ಷರಾದಲ್ಲಿ ನನ್ನ ನಿಯಮಜ್ಞಾನದ ಬಗ್ಗೆ ಒಂದಕ್ಷರ ಬರೆದಿರಲಿಲ್ಲ. ಲೀಡರ್ ಕಾಣದಾದಾಗ ತಡಮಾಡದೆ ತಿಳಿಸಿದಳು ಎಂದಷ್ಟೇ ಇತ್ತು. ಮನೆಗೆ ಫೋನು ಮಾಡಿ ಅದನ್ನೇ ಹೇಳಿದೆ.

"ಕಾಣವಲ್ದು ಅಂದಿದ್ದಕ್ಕ ಪಾಸ್ ಮಾಡಿದ್ರಾ?" ಅವ್ವ ಎರಡು ಸಲ ಕೇಳಿದಳು.

"ಹೂಂನವ್ವಾ."

"ಹಂಗಾರ ನಿಮ್ಮಪ್ಪನ್ನೂ ಕರಕಂಡು ಹೋಗು. ದಿನಾ ಕನ್ನಡಕ ಕಾಣವಲ್ದು ಅಂತ ಮನಿ ತುಂಬಾ ಒದರ್ತಾನ."

ಹಿಂದಿನಿಂದ ಅಪ್ಪನ ಆಕ್ಷೇಪ ಕೇಳಿಸಿತು. ಏನೆಂದರೋ ನನಗೆ ತಿಳಿಯಲಿಲ್ಲ. ಇನ್ನೊಮ್ಮೆ ಹೇಳಲು ಕೇಳಿದೆ.