ಯಾರೂ ಕತ್ತರಿಸದ ಜಾಹೀರಾತು

ಮಕ್ಕಳೇ, ಕೊರೊನಾ ಕಳೆದ ಮರುವರ್ಷ ನಾನು ಶಿರಾಳಕೊಪ್ಪದಲ್ಲಿ ಪತ್ರಿಕೆಯ ಏಜೆಂಟ್ ಆಗಿದ್ದೆ. ನಿಮ್ಮ ಅಜ್ಜ ತೀರಿಕೊಂಡ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂದಿತ್ತು. ಬೆಳಗಿನ ಬಸ್ಸಿಗೆ ಬರುವ ಬಂಡಲ್ ಬಿಚ್ಚಿ ಹಳ್ಳಿಗಳಿಗೆ ಕಳಿಸಬೇಕು, ಜಾಹೀರಾತು ಹಿಡಿಯಬೇಕು. ಮೊದಲನೆಯದು ಸಲೀಸು. ಜಾಹೀರಾತು ಕೇಳಲು ಅಂಗಡಿಯ ಮೆಟ್ಟಿಲು ಹತ್ತಿದರೆ ಮಾತ್ರ ನನ್ನ ಬಾಯಿ ಕಟ್ಟಿಹೋಗುತ್ತಿತ್ತು.

ಎಲ್ಲರ ಕೈಗೂ ಮೊಬೈಲ್ ಬಂದು ಪ್ರತಿಗಳು ಅರ್ಧಕ್ಕೆ ಇಳಿದಿದ್ದವು. ಶಿಕಾರಿಪುರ, ಸೊರಬ ತಾಲ್ಲೂಕುಗಳ ಸುದ್ದಿಯ ಪುಟ ಉಳಿದಿದ್ದೇ ಬಟ್ಟೆ ಅಂಗಡಿ ಶಾಂತಣ್ಣನವರ ವಾರದ ಜಾಹೀರಾತಿನಿಂದ. ಅದೂ ತಪ್ಪಿದರೆ ಪುಟ ನಿಲ್ಲಿಸುತ್ತೇವೆ ಎಂದು ಕಚೇರಿಯವರು ಹೇಳಿದ್ದರು. ಊರಿನ ಸುದ್ದಿಯೇ ಇಲ್ಲದ ಪತ್ರಿಕೆಯನ್ನು ನಾನು ಯಾರಿಗೆ ಮಾರಲಿ?

"ಅಕ್ಕಾರೇ, ಈಗ ಪೇಪರ್ ಯಾರ್ ಓದ್ತಾರ್ರೀ? ಮಿರ್ಚಿ ಕಟ್ಟಾಕೆ ಬೇಕು, ಅಷ್ಟೆ" ಎಂದು ಶಾಂತಣ್ಣ ಜಾಹೀರಾತು ನಿಲ್ಲಿಸಲು ಹೊರಟರು.

ಎಲ್ಲಿಂದ ಧೈರ್ಯ ಬಂತೋ! "ಒಂದ್ಸಲ ನೋಡೇಬಿಡ್ರಿ. ಜಾಹೀರಾತು ಕತ್ತರಿಸಿ ತಂದೋರಿಗೆ ರವಿಕೆ ಬಟ್ಟೆ ಕಣ ಕೊಡ್ತೀವಿ ಅಂತ ಹಾಕ್ಸಿ. ಯಾರೂ ಬರ್ಲಿಲ್ಲ ಅಂದ್ರೆ ನಾನೂ ಮತ್ತೆ ಕೇಳಾಕೆ ಬರಲ್ಲ" ಎಂದೆ.

ಜಾಹೀರಾತು ಬಂದ ದಿನ ಮಧ್ಯಾಹ್ನವಾದರೂ ಒಬ್ಬರ ಸುಳಿವಿಲ್ಲ. "ನೊಣ ಆದ್ರೂ ಬರ್ಬೇಕಿತ್ತಲ್ರೀ ಅಕ್ಕಾರೇ" ಎಂದು ಶಾಂತಣ್ಣ ನಕ್ಕರು. ನಾನು ಸೀರೆಗಳ ಮರೆಯಲ್ಲಿ ತಲೆ ತಗ್ಗಿಸಿ ನಿಂತಿದ್ದೆ.

ಆಗ ತೊಗರ್ಸಿ ಬಸ್ಸಿಳಿದ ಹೆಂಗಸೊಬ್ಬಳು ಇಡೀ ಪತ್ರಿಕೆಯನ್ನು ಎದೆಗೆ ಅವಚಿಕೊಂಡು ಬಂದಳು. "ಕತ್ತರಿಸ್ದೇ ತಂದ್ರೆ ನಡೀತೈತೇನ್ರೀ?"

"ಯಾಕವ್ವಾ, ಮನ್ಯಾಗೆ ಕತ್ರಿ ಇಲ್ವಾ?" ಎಂದರು ಶಾಂತಣ್ಣ.

ಅವಳು ಹಾಳೆ ತಿರುಗಿಸಿದಳು. ಜಾಹೀರಾತಿನ ಬೆನ್ನಿಗೇ ತೀರಿಕೊಂಡ ರುದ್ರಪ್ಪ ಮೇಷ್ಟ್ರ ಶ್ರದ್ಧಾಂಜಲಿಯ ಫೋಟೋ!

"ನಮ್ಗೂ ಸುತ್ತಲ ಊರೋರ್ಗೂ ಅಕ್ಷರ ಕಲ್ಸಿದೋರು. ಅವ್ರ ಮುಖದ ಮ್ಯಾಲೆ ಕತ್ರಿ ಆಡ್ಸಾಕೆ ಆಗ್ತೈತಾ? ನಮ್ಮೂರಾಗೆ ಎಲ್ರೂ ಕತ್ರಿ ಹಿಡ್ಕಂಡು ಸುಮ್ನೆ ಕುಂತಾರೆ."

ಆ ಶ್ರದ್ಧಾಂಜಲಿಯನ್ನೂ ಮೇಷ್ಟ್ರ ಹಳೆಯ ವಿದ್ಯಾರ್ಥಿಗಳಿಂದ ಪಡೆದು ಕಳಿಸಿದವಳು ನಾನೇ. ಬೆಳಿಗ್ಗೆ ಹಾಳೆ ಮಗುಚಿ ನೋಡಿರಲಿಲ್ಲ. ಶಾಂತಣ್ಣ ಆ ಫೋಟೋಕ್ಕೆ ಕೈ ಮುಗಿದು, "ಕತ್ತರಿಸೋದು ಬ್ಯಾಡ, ಸೀಲ್ ಹೊಡೆದು ಪೇಪರ್ ವಾಪಸ್ ಕೊಡಾಣ, ಹೇಳ್ರಿ ಎಲ್ರಿಗೂ" ಎಂದರು. ತೊಗರ್ಸಿ, ಕುಪ್ಪಗಡ್ಡೆ, ಎಲ್ಲ ಕಡೆ ಪತ್ರಿಕೆ ಹಾಕುವವರಿಗೆ ಫೋನ್ ಹಚ್ಚಿದೆ. ನನ್ನ ದನಿ ಅಷ್ಟು ಜೋರಾಗಿದ್ದನ್ನು ನಾನೇ ಕೇಳಿರಲಿಲ್ಲ.

ಮೂರು ಗಂಟೆಯ ಬಸ್ಸಿನಿಂದ ಶುರುವಾಯಿತು ನೋಡಿ! ಮೆಟ್ಟಿಲ ತುಂಬ ಚಪ್ಪಲಿ. ಕುರಿ ಸಾಕುವ ಅಜ್ಜನೊಬ್ಬ, "ಕಣ ಇಲ್ದಿದ್ರೂ ಚಿಂತಿಲ್ಲ, ಪೇಪರ್ ಮಾತ್ರ ಕೊಡಂಗಿಲ್ಲ" ಎಂದು ಹಟ ಹಿಡಿದ. ಒಂದೇ ಪ್ರತಿ ಹಿಡಿದು ಐದು ಹೆಂಗಸರು ಬಂದರು. "ಐದೂ ಜನ ಓದೀವಿ, ಐದು ಕಣ ಕೊಡ್ರಿ!"

"ಇನ್ನು ಓಣಿಗೊಂದೇ ಪೇಪರ್ ತರ್ಸಿ, ನನ್ನ ಅಂಗಡಿ ಬರಿದು ಮಾಡ್ರಿ" ಎನ್ನುತ್ತಲೇ ಶಾಂತಣ್ಣ ಐದನ್ನೂ ಕೊಟ್ಟರು. ಸಂಜೆಯೊಳಗೆ ಕಣಗಳು ಮುಗಿದವು, ಪುಟ ಉಳಿಯಿತು. "ಮುಂದಿನ ವಾರದ್ದೂ ಬರ್ಕೊಳ್ರಿ. ಆದ್ರೆ ಬೆನ್ನಿಗೆ ಏನ್ ಬರ್ತೈತಿ, ಮೊದ್ಲೇ ಹೇಳ್ಬೇಕು" ಎಂದರು.

ಎಷ್ಟು ಪ್ರತಿ ಮಾರಾಟವಾಯಿತು ಎಂಬುದು ಬಂಡಲ್ ನೋಡಿದರೆ ಗೊತ್ತಾಗುತ್ತದೆ. ಎಷ್ಟು ಜನ ಓದಿದರು, ಓದಿಯೂ ಯಾಕೆ ಬರಲಿಲ್ಲ ಎಂಬುದನ್ನು ಅವರನ್ನೇ ಕೇಳಬೇಕು. ಆ ಹೆಂಗಸು ಬರುವ ತನಕ ಕಾಯುವ ಬದಲು ನಾನೇ ಬೆಳಿಗ್ಗೆ ಎದ್ದು ತೊಗರ್ಸಿಗೆ ಹೋಗಬೇಕಿತ್ತು. ಮರುವಾರದಿಂದ ಹೋಗತೊಡಗಿದೆ.