ಒಂದೇ ಪ್ರದರ್ಶನಕ್ಕೆ ಅನುಮತಿ

ಉಳ್ಳಾಗಡ್ಡಿ ದೇಶ ಬಿಟ್ಟು ಹೋಗಬಹುದೋ ಇಲ್ಲವೋ ಎಂಬ ಸರಕಾರಿ ಆದೇಶಕ್ಕೆ ನಾಶಿಕ್ ಕಡೆಯ ನಮ್ಮ ಚಾಂದವಡ್ ಸೀಮೆಯಲ್ಲಿ ಊರಿಗೆ ಊರೇ ಕಾಯುತ್ತದೆ. ಸಿನಿಮಾವೊಂದು ದೇಶದೊಳಗೆ ಬರಬಹುದೋ ಇಲ್ಲವೋ ಎಂದು ಕಾದವನು ಬಹುಶಃ ನಾನೊಬ್ಬನೇ.

ನಾನು ಧಾರವಾಡದಿಂದ ಇಲ್ಲೇ ಸಮೀಪದ ಓಝರಿನ ವಿಮಾನ ಕಾರ್ಖಾನೆಗೆ ಫಿಟ್ಟರ್ ಆಗಿ ಬಂದ ಕಾಲದಲ್ಲಿ ಅಲ್ಲಿ ರಷ್ಯನ್ ಇಂಜಿನಿಯರುಗಳಿದ್ದರು. ಅವರಿಗಾಗಿ ದೂತಾವಾಸದ ಮೂಲಕ ರಷ್ಯನ್ ಸಿನಿಮಾದ ರೀಲುಗಳು ಬರುತ್ತಿದ್ದವು, ಟೌನ್‌ಶಿಪ್ಪಿನ ಕ್ಲಬ್ಬಿನಲ್ಲಿ ತೋರಿಸುತ್ತಿದ್ದರು. ಟಿಕೆಟ್ ಮಾರುವಂತಿಲ್ಲ, ಹೊರಗಿನವರನ್ನು ಬಿಡುವಂತಿಲ್ಲ, ತೋರಿಸಿದ ಮೇಲೆ ಡಬ್ಬಿ ವಾಪಸ್ ಕಳಿಸಬೇಕು ಎಂಬ ನಿಯಮ ಆಗಲೂ ಇತ್ತು. ಹೊರಗಿನವರು ಯಾರೂ ಆ ಕಡೆ ತಲೆ ಹಾಕುತ್ತಿರಲಿಲ್ಲವಾದ್ದರಿಂದ ಪಾಲಿಸುವುದು ಕಷ್ಟವಾಗಲಿಲ್ಲ.

ನನ್ನ ಹೆಂಡತಿಗೆ ಮಾತ್ರ ಆ ಸಿನಿಮಾಗಳೆಂದರೆ ಪಂಚಪ್ರಾಣ. ಅವಳಿಗೆ ಮರಾಠಿ ಬಾರದು, ಹಿಂದಿ ಅಷ್ಟಕ್ಕಷ್ಟೇ. "ಈ ಮಾತು ನಮ್ಮವರಿಗ್ಯಾರಿಗೂ ತಿಳಿಯೂದಿಲ್ಲ, ಅದಕ್ಕ ನನಗ ಛಲೋ ಅನಸ್ತೈತಿ" ಎನ್ನುತ್ತಿದ್ದಳು. ಪರದೆಯ ಮೇಲೆ ಯಾರು ಬಾಯಿ ತೆರೆದರೂ ಅವರ ಮಾತನ್ನು ಧಾರವಾಡದ ಕನ್ನಡದಲ್ಲಿ ತಾನೇ ಕಟ್ಟಿ ಹೇಳುತ್ತಿದ್ದಳು. ಮೀಸೆಯ ಜನರಲ್ ಸಾಹೇಬ ಮೇಜು ಗುದ್ದಿ ಜೋಳದ ರೊಟ್ಟಿ ಕೇಳುತ್ತಿದ್ದ. ಹಿಂದಿನ ಸಾಲಿನ ಬಿಜಾಪುರದವರೊಬ್ಬರು ಮುಂದೆ ಬಗ್ಗಿ, "ಜರಾ ಜೋರಾಗಿ ಹೇಳ್ರಿ ವೈನಿ, ನಮಗೂ ಕೇಳ್ಲಿ" ಎನ್ನುತ್ತಿದ್ದರು. ನಮ್ಮಿಬ್ಬರ ನಡುವೆ ಪುಟ್ಟ ಮಗಳು ಕೂತಿರುತ್ತಿದ್ದಳು.

ಆ ಜನರಲ್ ಸಾಹೇಬನ ಸಿನಿಮಾದ ಕೊನೆಯಲ್ಲಿ ಒಬ್ಬ ಹೆಂಗಸು ಯುದ್ಧಕ್ಕೆ ಹೊರಟ ಗಂಡನಿಗೆ ಗೇಟಿನ ಬಳಿ ನಿಂತು ಏನೋ ಹೇಳುತ್ತಾಳೆ. ಅದಕ್ಕೆ ನನ್ನ ಹೆಂಡತಿ ಕೊಟ್ಟ ಕನ್ನಡ ಕೇಳಿ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಅವಳು ತೀರಿಕೊಂಡ ಮೇಲೆ ರೊಟ್ಟಿಯ ಮಾತೂ ನೆನಪಿದೆ, ನಕ್ಕದ್ದೂ ನೆನಪಿದೆ, ಗೇಟಿನ ಮಾತು ಮಾತ್ರ ಹೋಗಿಬಿಟ್ಟಿತು. ಮನೆಯಲ್ಲಿ ಒಬ್ಬನೇ ಕೂತು ಅದನ್ನೇ ಹುಡುಕುತ್ತಿದ್ದೆ. ಆ ಸಿನಿಮಾ ಇನ್ನೊಮ್ಮೆ ನೋಡಿದರೆ ನೆನಪಾದೀತು ಎಂಬ ಆಸೆ, ಆದರೆ ಅದರ ಹೆಸರು ನಮಗೆ ಯಾವತ್ತೂ ಗೊತ್ತಿರಲಿಲ್ಲ.

ಮೊನ್ನೆ ಚಳಿಗಾಲದಲ್ಲಿ ಸಂಭಾಜಿನಗರದ ಬ್ಯಾಂಕಿನಲ್ಲಿರುವ ಮಗಳು ಮೊಬೈಲಿಗೆ ಒಂದು ಫೋಟೋ ಕಳಿಸಿದಳು. ಅದೇ ಗೇಟು, ಅದೇ ಹೆಂಗಸು. "ಬಾಬಾ, ಹಾ ತುಮ್ಚಾ ಪಿಕ್ಚರ್ ನಾ?" ಇದೇ ಅಲ್ಲವೇ ಅಪ್ಪಾ ನಿಮ್ಮ ಸಿನಿಮಾ, ಎಂದು ಮರಾಠಿಯಲ್ಲೇ ಕೇಳಿದಳು. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಬಾಯಿಗೆ ಬರುವುದು ಅಪರೂಪ. ಅವಳ ಊರಿನ ಚಿತ್ರೋತ್ಸವಕ್ಕೆ ಅದು ಬರಲಿತ್ತು. ಆದರೆ ಸೆನ್ಸಾರ್ ಆಗದ ವಿದೇಶಿ ಚಿತ್ರಕ್ಕೆ ದಿಲ್ಲಿಯಿಂದ ವಿನಾಯಿತಿ ಸಿಗಬೇಕು. ಸಿಕ್ಕರೂ ಹೆಸರು ನೋಂದಾಯಿಸಿದ ಪ್ರತಿನಿಧಿಗಳಿಗೆ ಮಾತ್ರ, ಒಂದೇ ಪ್ರದರ್ಶನ.

ಮಗಳು ನನ್ನ ಹೆಸರು ನೋಂದಾಯಿಸಿದಳು. ನಾನು ದಿನಾ ಫೋನ್ ಮಾಡಿ, "ಮಂಜೂರಿ ಬಂತೇನ?" ಎಂದು ಅವಳ ತಲೆ ತಿಂದೆ. ಪ್ರದರ್ಶನದ ದಿನದವರೆಗೂ ಬರಲಿಲ್ಲ. ತಾಳಲಾರದೆ ನಾಶಿಕ್ ರೋಡಿನಲ್ಲಿ ರೈಲು ಹತ್ತಿಬಿಟ್ಟೆ. ಕಿಟಕಿಯಲ್ಲಿ ದೌಲತಾಬಾದ್ ಕೋಟೆ ಕಾಣಿಸುವ ಹೊತ್ತಿಗೆ ಅವಳ ಫೋನ್ ಬಂತು. "ಪರವಾನಗಿ ಮಿಳಾಲಿ, ಬಾಬಾ." ಸಿಕ್ಕಿತಂತೆ. ಪಕ್ಕದಲ್ಲಿ ಕೂತವರು ನನ್ನ ಮುಖ ನೋಡಿ, ಮನೆಯಲ್ಲಿ ಮೊಮ್ಮಗು ಹುಟ್ಟಿತೇ ಎಂದು ಕೇಳಿದರು.

ಕೊರಳಿಗೆ ಪ್ರತಿನಿಧಿ ಎಂಬ ಕಾರ್ಡು ನೇತುಹಾಕಿಕೊಂಡು ಮಗಳ ಪಕ್ಕ ಕೂತೆ. ಈ ಸಲ ಚಿತ್ರದ ಕೆಳಗೆ ಇಂಗ್ಲಿಷ್ ಅಕ್ಷರಗಳಿದ್ದವು. ಜನರಲ್ ಸಾಹೇಬ ರೊಟ್ಟಿ ಕೇಳಿರಲೇ ಇಲ್ಲ, ನಕ್ಷೆ ಕೇಳಿದ್ದ. ನನಗೆ ಅವನ ಮೇಲೆ ಸಿಟ್ಟೇ ಬಂತು.

ಕೊನೆಗೆ ಆ ಗೇಟು ಬಂತು. ಹೆಂಗಸಿನ ತುಟಿ ಅಲುಗಿತು. "ಹೋಗಬೇಡ" ಎಂದು ಕೆಳಗೆ ಅಕ್ಷರ ಬಂತು. ನನಗೆ ಏನೂ ನೆನಪಾಗಲಿಲ್ಲ. ಬಂದದ್ದು ವ್ಯರ್ಥವಾಯಿತು ಅಂದುಕೊಳ್ಳುವಾಗ ಮಗಳು ಮೆಲ್ಲಗೆ ಅಂದಳು:

"ಚಾ ಆರಾಕತ್ತೈತಿ. ಕುಡದ ಹೋಗ್ರಿ."

ಅದೇ ಮಾತು, ಅದೇ ರಾಗ.

"ನಿನಗ ಹ್ಯಾಂಗ ನೆನಪ ಉಳೀತು?" ಎಂದೆ.

"ನೆನಪಿಡೂದು ಏನೈತಿ, ಬಾಬಾ? ಅವ್ವ ರೋಜ್ ಹೇಳ್ತಿದ್ಲು. ನೀವು ಶಿಫ್ಟಿಗೆ ಹೊಂಟಾಗ, ಗೇಟಿನಾಗ ನಿಂತು."

ಹೌದು, ದಿನಾ ಹೇಳುತ್ತಿದ್ದಳು. ನಾನು ಚಹಾವನ್ನು ಬಸಿಗೆ ಸುರಿದು, ಗಟಗಟ ಕುಡಿದು, ಕಾರ್ಖಾನೆಯ ಬಸ್ಸಿಗೆ ಓಡುತ್ತಿದ್ದೆ. ಅದು ಚಹಾದ ಮಾತೆಂದೇ ತಿಳಿದಿದ್ದೆ.

ದೀಪ ಹತ್ತಿತು. ಈ ಚಿತ್ರಕ್ಕೆ ಮರುಪ್ರದರ್ಶನದ ಅನುಮತಿಯಿಲ್ಲ ಎಂದು ಮೈಕಿನಲ್ಲಿ ಹೇಳಿದರು. ಜನ ಎದ್ದು ಹೊರಟರು. ನಾನು ಏಳದೆ ಮಗಳ ಕೈ ಹಿಡಿದುಕೊಂಡೆ.

"ಇನ್ನೊಮ್ಮೆ ಹೇಳವ್ವಾ" ಎಂದೆ.