ಬೀಗ ನಂಬದ ಅಮೀನರು

ಚಿಕ್ಕರಂಗಪ್ಪನವರು ಬೀಗವನ್ನು ನಂಬುತ್ತಿರಲಿಲ್ಲ. ಯಾರ ಮನೆಯ ಬಾಗಿಲಿಗೆ ಬೀಗ ಕಂಡರೂ ಮೊದಲು ಅದನ್ನು ಹೆಬ್ಬೆರಳಿನಿಂದ ಉಜ್ಜಿ ನೋಡುತ್ತಿದ್ದರು. ಧೂಳು ಹತ್ತದಿದ್ದರೆ, “ದಿನಾ ತೆಗೀತಾರೆ, ಸಂಜೆ ಬರೋಣ” ಎನ್ನುತ್ತಿದ್ದರು. ಧೂಳು ಹತ್ತಿದರೂ ಸುಮ್ಮನೆ ಹಿಂದಿರುಗುವವರಲ್ಲ. ಪಕ್ಕದ ಮನೆಯ ಬಾಗಿಲು ತಟ್ಟುತ್ತಿದ್ದರು.

ಅವರು ಕೋರ್ಟಿನ ಅಮೀನರು. ಯಾರ ಮೇಲಾದರೂ ದಾವೆ ಬಿದ್ದರೆ, ಇಂಥ ದಿನ ಕೋರ್ಟಿಗೆ ಬನ್ನಿ ಎಂಬ ಸಮನ್ಸನ್ನು ಮನೆ ಹುಡುಕಿ ಕೈಗೆ ಕೊಟ್ಟು ಸಹಿ ಪಡೆಯುವುದು ಅವರ ಕೆಲಸ. ಆಳು ಸಿಗದಿದ್ದರೆ ಬಾಗಿಲಿಗೆ ಅಂಟಿಸಿ, ಹಾಗೆಂದು ಷರಾ ಬರೆದು ಒಪ್ಪಿಸಬಹುದು. ಆಮೇಲೂ ಪ್ರತಿವಾದಿ ಬರದಿದ್ದರೆ ಅವರ ಮಾತು ಕೇಳದೆಯೇ ತೀರ್ಪಾಗಬಹುದು. ಮೂರು ಸಲ, ಮೂರು ಬೇರೆ ಬೇರೆ ಹೊತ್ತಿನಲ್ಲಿ ಹೋಗದೆ ಚಿಕ್ಕರಂಗಪ್ಪನವರು ಅಂಟಿನ ಡಬ್ಬಿ ತೆರೆದದ್ದನ್ನು ನಾನು ಕಾಣೆ. ನಮ್ಮಂಥ ಆತುರದ ವಕೀಲರಿಗೆ ಅವರೊಂದು ದೊಡ್ಡ ತಲೆನೋವು.

ಚಾಮರಾಜಪೇಟೆಯ ಮನೆ ಮಾಲೀಕರೊಬ್ಬರು, ಬಾಡಿಗೆಗಿದ್ದ ಸರೋಜಮ್ಮ ಎಂಬ ಟೈಲರಿಂದ ಮನೆ ಬಿಡಿಸಬೇಕೆಂದು ನನ್ನ ಬಳಿ ಬಂದರು. ಅದು ನನ್ನ ಮೊದಲ ಸ್ವಂತ ಕೇಸು. ಸಮನ್ಸ್ ಬೇಗ ಜಾರಿಯಾಗಲಿ ಎಂದು ನಾನೇ ಅಮೀನರ ಜೊತೆ ಹೋದೆ. ಹದಿನಾಲ್ಕನೇ ನಂಬರಿನ ಬಾಗಿಲಿಗೆ ತುಕ್ಕು ಹಿಡಿದ ಬೀಗ.

“ಅಂಟಿಸ್ಬಿಡಿ ಚಿಕ್ಕರಂಗಪ್ಪನವ್ರೆ, ಮೂರ್ಮೂರು ಸಲ ಯಾರು ಅಲೀತಾರೆ?” ಎಂದೆ. ಆಕೆ ಕೋರ್ಟಿಗೆ ಬರದೇ ಹೋದರೆ ಗೆದ್ದಂತೆಯೇ ಎಂಬ ಆಸೆ ನನಗೆ.

ಅವರು ಹೆಬ್ಬೆರಳನ್ನು ನನ್ನ ಮುಂದೆ ಹಿಡಿದರು. “ಸಾರ್, ಇದು ವರ್ಷದ ಧೂಳು. ದಿನಾ ಹೊಲಿಗೆ ಹಾಕೋರು ಇಲ್ಲಿರ್ತಾರಾ?” ಎಂದು ಎದುರಿನ ಇಸ್ತ್ರಿ ಅಂಗಡಿಗೆ ಹೋಗಿ ವಿಚಾರಿಸಿದರು.

ಇಸ್ತ್ರಿಯವನು ನಕ್ಕ. “ಅದು ಹಳೇ ಹದ್ನಾಲ್ಕು ಸ್ವಾಮಿ. ಹೊಸ ಹದ್ನಾಲ್ಕು ಮುಂದಿನ ತಿರುವಲ್ಲಿದೆ. ಸರೋಜಮ್ಮ ಅಲ್ಲೇ ಹಿಂದ್ಗಡೆ ಔಟ್‌ಹೌಸಲ್ಲಿದಾರೆ.”

ನಮ್ಮ ಹಳೆಯ ಬಡಾವಣೆಗಳಲ್ಲಿ ಮನೆಗೆ ಎರಡೆರಡು ನಂಬರು. ಮಾಲೀಕರು ಯಾವುದೆಂದು ಹೇಳಿರಲಿಲ್ಲ. ಮರೆವೋ ಜಾಣತನವೋ, ಕೇಳುವ ಧೈರ್ಯ ನನಗೆ ಕೊನೆಗೂ ಬರಲಿಲ್ಲ.

ಸರೋಜಮ್ಮ ಹೊಲಿಗೆ ಯಂತ್ರದ ಮುಂದೆಯೇ ಕೂತಿದ್ದರು. ಕಾಗದದ ಮೇಲಿನ ಸೀಲು ಕಂಡು ಕೈ ಹಿಂದಕ್ಕೆಳೆದುಕೊಂಡರು. “ನಾನೇನ್ ತಪ್ಪು ಮಾಡಿದೀನಿ ಸ್ವಾಮಿ? ಸೈನ್ ಹಾಕಿದ್ರೆ ಮನೆ ಬಿಡ್ಬೇಕಾ?”

ಅಮೀನರು ಚಪ್ಪಲಿ ಬಿಟ್ಟು ಬಾಗಿಲ ಮೆಟ್ಟಿಲ ಮೇಲೆ ಕೂತರು. “ಇಲ್ಲ ತಾಯಿ. ಮನೆ ಓನರು ಅವ್ರ ಮಾತು ಬರ್ಕೊಟ್ಟಿದಾರೆ. ನಿಮ್ಮ ಮಾತೇನು ಅಂತ ಜಡ್ಜು ಕೇಳ್ಬೇಕಲ್ಲ, ಅದಕ್ಕೆ ಕರೀತಿದಾರೆ. ಬರದೇ ಇದ್ರೇನೇ ಮನೆ ಹೋಗೋದು. ಲಾಯರ್ ಇಡೋ ಶಕ್ತಿ ಇಲ್ಲ ಅಂದ್ರೆ ಕೋರ್ಟಲ್ಲೇ ಉಚಿತ ಕಾನೂನು ನೆರವು ಅಂತಿದೆ, ಕೇಳಿ.”

ಎದುರು ಪಕ್ಷದ ವಕೀಲನಾದ ನಾನು ಪಕ್ಕದಲ್ಲೇ ನಿಂತಿದ್ದೆ! ಮೈಯೆಲ್ಲ ಉರಿದುಹೋಯಿತು.

ಸರೋಜಮ್ಮ ಕೋರ್ಟಿಗೆ ಬಂದರು. ಅವಧಿ ಇನ್ನೂ ಮುಗಿಯದ ಕರಾರುಪತ್ರವನ್ನೂ ತಂದರು. ಮಾಲೀಕರು ಅದರ ಸುದ್ದಿಯನ್ನೇ ನನ್ನ ಬಳಿ ಎತ್ತಿರಲಿಲ್ಲ. ದಾವೆ ವಜಾ ಆಯಿತು, ಸರೋಜಮ್ಮನ ಮನೆ ಉಳಿಯಿತು, ನಾನು ಮೊದಲ ಕೇಸಿನಲ್ಲೇ ಮಣ್ಣುಮುಕ್ಕಿದೆ.

“ನಿಮ್ಮಿಂದ್ಲೇ ಸೋತೆ!” ಎಂದು ಕಾರಿಡಾರಿನಲ್ಲಿ ನಾಲ್ಕು ಜನರೆದುರು ಅಮೀನರ ಮೇಲೆ ರೇಗಿದೆ.

“ಸೋತ್ರೆ ಸೋತ್ರಿ ಬಿಡಿ ಸಾರ್. ಇಬ್ರೂ ಮಾತಾಡಿದ್ಮೇಲೆ ತಾನೇ ಸೋತಿದ್ದು?” ಎಂದು ನನ್ನ ಕೈ ಹಿಡಿದು ಕ್ಯಾಂಟೀನಿಗೆ ಕರೆದೊಯ್ದು ಬೈ ಟೂ ಕಾಫಿ ಕುಡಿಸಿದರು.

ಆ ಮಾತು ಅರ್ಥವಾಗಲು ನನಗೆ ವರ್ಷಗಳೇ ಹಿಡಿದವು. ಈಗ ದಾವೆ ಬರೆಯುವಾಗ ಹಳೇ ನಂಬರು, ಹೊಸ ನಂಬರು ಎರಡನ್ನೂ ಕೇಳಿಯೇ ಬರೆಯುತ್ತೇನೆ. ನಾನು ಕಂಡ ಕರಿಕೋಟುಗಳ ಪೈಕಿ ಅವರಷ್ಟು ನ್ಯಾಯ ತಿಳಿದವರು ಕಡಿಮೆ.

ನಿವೃತ್ತರಾದ ಮೇಲೆ ಅವರು ಹನುಮಂತನಗರದಲ್ಲಿದ್ದರು. ಅಂದು ರೇಗಿದ್ದು ತಪ್ಪಾಯಿತೆಂದು ಹೇಳಿಬರಬೇಕೆಂದು ಅಂದುಕೊಳ್ಳುತ್ತಲೇ ಇದ್ದವನು ಕಳೆದ ತಿಂಗಳು ಹೋದೆ. ಗೇಟಿನ ಮೇಲೆ ಎರಡೂ ನಂಬರು ದಪ್ಪ ಅಕ್ಷರದಲ್ಲಿದ್ದವು. ಬಾಗಿಲಿಗೆ ಬೀಗ. ಹೆಬ್ಬೆರಳಿನಿಂದ ಉಜ್ಜಿದೆ, ತೆಳ್ಳಗೆ ಧೂಳು ಹತ್ತಿತು. ಪಕ್ಕದ ಮನೆಯ ಬಾಗಿಲು ತಟ್ಟಿದೆ.

“ಅಮೀನರಾ? ಹೋಗ್ಬಿಟ್ರಲ್ಲ ಸಾರ್, ಹದಿನೈದು ದಿನ ಆಯ್ತು. ಕಾರ್ಯ ಎಲ್ಲ ಮಗಳ ಮನೇಲೇ ಮಾಡಿದ್ರು,” ಎಂದರು ಬಾಗಿಲು ತೆರೆದ ಹೆಂಗಸು.

ಮೂರು ಸಲ ಹೋಗಬೇಕು ಎನ್ನುತ್ತಿದ್ದರು ಚಿಕ್ಕರಂಗಪ್ಪನವರು. ನಾನು ಹೋದದ್ದು ಒಂದೇ ಸಲ, ಅದೂ ತಡವಾಗಿ.